ಮರೆಪ್ಪ ಹೆಣೆಯಲಾರದ ಜಡೆ

ಮುಂಬಯಿಯ ಸಯನ್ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲಿ ಮರೆಪ್ಪ ಚಪ್ಪಲಿ ಪರೀಕ್ಷೆ ಮಾಡುವಾಗ ಲೋಕಲ್ ಹಿಡಿಯಲು ಓಡುವವರೂ ಒಂದು ಗಳಿಗೆ ನಿಂತು ನೋಡುತ್ತಿದ್ದರು. ಮೊದಲು ಚಪ್ಪಲಿಯನ್ನು ಬಿಲ್ಲಿನಂತೆ ಬಗ್ಗಿಸುವನು. ಆಮೇಲೆ ಅಟ್ಟೆಯನ್ನು ಮೂಗಿಗೆ ಹಿಡಿಯುವನು. ಕಾರ್ಖಾನೆಯದಾದರೆ ಅಂಟಿನ ವಾಸನೆ, ಕೈಯದಾದರೆ ತೊಗಲಿನ ನಾತ. ಕೊನೆಗೆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುವನು. ತೊಗಲಿನ ಎಳೆಯ ಬದಲು ನೂಲು ತಗುಲಿದರೆ ಮುಗಿಯಿತು, ಚಪ್ಪಲಿ ಗಟಾರದಲ್ಲಿ ಬಿದ್ದಿರುತ್ತಿತ್ತು.

ಈ ಅಧಿಕಾರ ಅವನಿಗೆ ಕೊಟ್ಟವರು ನಾವು, ಫುಟ್‌ಪಾತ್ ಸಂಘದವರು. ಅದಕ್ಕೂ ಮೊದಲು ಮುನ್ಸಿಪಾಲಿಟಿಯ ಗಾಡಿ ಬಂದರೆ ಮಾಲು ಗೋಣಿಚೀಲದಲ್ಲಿ ಸುತ್ತಿಕೊಂಡು ರೈಲಿನ ಸೇತುವೆ ಹತ್ತಿ ಓಡಬೇಕಿತ್ತು. ಎಪ್ಪತ್ತೊಂದರಲ್ಲಿ ವಾರ್ಡ್ ಆಫೀಸಿನ ಮೆಟ್ಟಿಲ ಮೇಲೆ ಕೂತೆವು. ಪೊಲೀಸರು ಎತ್ತಿ ಒಗೆದರು, ಮತ್ತೆ ಹೋಗಿ ಕೂತೆವು. ಕಡೆಗೆ ಪರವಾನಗಿ ಬಂತು. ಸ್ವಂತ ಕೈಯಿಂದ ಮಾಡಿದ್ದನ್ನು ಮಾರುವವರು ಮಾತ್ರ ಕೂರಬಹುದು, ಕಾರ್ಖಾನೆಯ ಮಾಲು ಸಿಕ್ಕರೆ ಇಡೀ ಸಾಲನ್ನೇ ಎಬ್ಬಿಸುತ್ತೇವೆ, ಕಾವಲು ನಿಮ್ಮದೇ ಎಂದು ಷರತ್ತು. ಕಾವಲಿಗೆ ಮರೆಪ್ಪನಿಗಿಂತ ಬಿರುಸಿನವನು ನಮ್ಮಲ್ಲಿ ಇರಲಿಲ್ಲ.

ಪರವಾನಗಿಯಲ್ಲಿ ಅವನ ಹೆಸರಿನ ಮುಂದೆ 'ಕಲಾಕಾರ' ಎಂದು ಮರಾಠಿಯಲ್ಲಿ ಬರೆದಿತ್ತು. ಅಕ್ಷರ ಬಾರದ ಮರೆಪ್ಪ ಕಂಡಕಂಡವರಿಂದ ಅದನ್ನು ಓದಿಸುತ್ತಿದ್ದ.

"ಏನ ಬರದಾರ? ಮತ್ತೊಮ್ಮೆ ಹೇಳ್ರಿ."

"ಕಲಾಕಾರ."

"ಜಾತಿ ಬರದಿಲ್ಲಾ?"

"ಇಲ್ಲೋ ಮಾರಾಯ."

"ಹಂಗಾರ ಅಷ್ಟ ಐತಿ?"

"ಅಷ್ಟ ಐತಿ."

ಅಥಣಿ ಕಡೆಯ ಹಳ್ಳಿಯಲ್ಲಿ ಅವನಪ್ಪ ಗೌಡರ ಮನೆಗೆ ಚಪ್ಪಲಿ ಮಾಡುತ್ತಿದ್ದ. ಕಾಲು ಮುಟ್ಟುವ ಹಾಗಿರಲಿಲ್ಲ. ಅಂಗಳದ ಮಣ್ಣಿನಲ್ಲಿ ಗೌಡ ಊರಿದ ಹೆಜ್ಜೆಗೆ ಜೋಳದ ದಂಟು ಇಟ್ಟು ಅಳತೆ ತೆಗೆಯಬೇಕಿತ್ತು. ಮುಂಬಯಿಯಲ್ಲಿ ಇಸ್ತ್ರಿ ಪ್ಯಾಂಟಿನವರು ತಾವಾಗಿಯೇ ಮರೆಪ್ಪನ ತೊಡೆಯ ಮೇಲೆ ಕಾಲು ಚಾಚುತ್ತಿದ್ದರು. ಅವರ ಹಿಮ್ಮಡಿ ಹಿಡಿದು, "ಹಾಂ, ನಿಮ್ಮ ಎಡಗಾಲ ದೊಡ್ಡದೈತ್ರಿ" ಎನ್ನುವಾಗ ಅವನಿಗೆ ಬಹಳ ಖುಷಿ. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. ಪರೀಕ್ಷೆಯಲ್ಲಿ ಅಷ್ಟು ಕ್ರೂರಿಯಾಗಿದ್ದುದಕ್ಕೆ ಅದೇ ಕಾರಣ.

ಎಪ್ಪತ್ಮೂರರ ಮಳೆಗಾಲ ಮುಗಿದ ಮೇಲೆ ಚಂದ್ರಾಮ ಸಿಕ್ಕಿಬಿದ್ದ. ಮರೆಪ್ಪನ ಊರಿನವನೇ, ಅದೇ ಕಸುಬಿನವನೇ, ವಯಸ್ಸಿನಲ್ಲಿ ಚಿಕ್ಕವನು. ಅವನ ಸಾಲಿನಲ್ಲಿದ್ದ ಚಪ್ಪಲಿಗಳ ಅಟ್ಟೆಯ ಮೇಲೆ ಮೆಷಿನ್ ಹೊಲಿಗೆ ಇತ್ತು, ಪಟ್ಟಿಯ ಮೇಲಿನ ಜಡೆ ಜೋಗೇಶ್ವರಿಯ ಯಾವುದೋ ಕಾರ್ಖಾನೆಯಲ್ಲಿ ಅಚ್ಚು ಒತ್ತಿದ್ದು. ಮರೆಪ್ಪ ಮೂಸಿಯೂ ನೋಡಲಿಲ್ಲ.

"ಮಂಗ್ಯಾನಮಗನ, ಈ ಸಾಲೆಲ್ಲಾ ಬೀದಿಗೆ ಬೀಳಲಿ ಅಂತ ಮಾಡೀಯೇನು?"

"ಕಾಕಾ, ಒಂದ ಮಾತ ಕೇಳು..."

"ಏನ ಕೇಳೂದು? ಎದ್ದೇಳು. ಮೊದಲ ಗೋಣಿಚೀಲ ಮಡಚು."

ಚಂದ್ರಾಮ ಗೋಣಿಚೀಲ ಮಡಚಿದ. ಅವನ ಕಣ್ಣಲ್ಲಿ ಸಿಟ್ಟಿತ್ತೇ ಹೊರತು ನಾಚಿಕೆ ಇರಲಿಲ್ಲ. ಅವನು ನೆಟ್ಟಗೆ ವಾರ್ಡ್ ಆಫೀಸಿಗೆ ಹೋದ. "ಮರೆಪ್ಪನೂ ಪೂರ್ತಿ ಚಪ್ಪಲಿ ಮಾಡೂದಿಲ್ಲ, ಬೇಕಾರ ಎದುರಿಗೆ ಕುಂದರಿಸಿ ಮಾಡಿಸಿ ನೋಡ್ರಿ" ಎಂದು ಅಲ್ಲಿ ಹೇಳಿ ಬಂದ.

ನಾಲ್ಕು ದಿನಕ್ಕೆ ಲೈಸೆನ್ಸ್ ನೋಡುವ ಖಾನೋಲ್ಕರ್ ಸಾಹೇಬ ಬಿಸಿಲಿಗೆ ಛತ್ರಿ ಹಿಡಿದು ಬಂದ. ಕೆಟ್ಟ ಮನುಷ್ಯನಲ್ಲ, ಲಂಚಕ್ಕೆ ಬಾಯಿಬಿಟ್ಟವನೂ ಅಲ್ಲ. ನಿಯಮ ಎಂದರೆ ನಿಯಮ ಎನ್ನುವ ಜಾತಿ. ಚಂದ್ರಾಮ ಅವನ ಹಿಂದೆಯೇ ಇದ್ದ.

"ಮರೆಪ್ಪಾ, ಏಕ್ ಚಪ್ಪಲ್ ಮೇರೆ ಸಾಮ್ನೆ ಬನಾವ್. ಶುರೂ ಸೆ ಆಖಿರ್ ತಕ್. ಅಕೇಲಾ."

"ಮೊದಲಿಂದ ಕಡೀತನಕ ಒಬ್ಬನ ಮಾಡಿ ತೋರಸೂದು, ಇಷ್ಟ ಏನ್ರೀ ಸಾಹೇಬ್ರ? ಕೂಡ್ರಿ" ಎಂದು ಮರೆಪ್ಪ ತನ್ನ ಕಟ್ಟಿಗೆಯ ಮಣೆಯನ್ನೇ ಅವನಿಗೆ ಸರಿಸಿದ.

ನೆನೆಸಿಟ್ಟ ತೊಗಲನ್ನು ತೆಗೆದು ಕಲ್ಲಿನ ಮೇಲೆ ಬಡಿದ. ರಂಪಿಗೆಯಿಂದ ಅಟ್ಟೆ ಕೊಯ್ದ. ಆ ಉಕ್ಕಿನ ಅಲಗು ತಿರುಗುವುದನ್ನು ನೋಡಿ ಸಾಹೇಬನ ಮುಖವೂ ಸಡಿಲವಾಯಿತು. ಅಟ್ಟೆಯ ಮೇಲೆ ಅಟ್ಟೆ ಕೂಡಿಸಿ, ಉಳಿಯಿಂದ ತೂತು ಹೊಡೆದು, ತೊಗಲಿನ ಎಳೆ ಪೋಣಿಸಿ ಬಿಗಿದ. ಪಟ್ಟಿ ಕತ್ತರಿಸಿದ. ಮುಂದಿನದು ಜಡೆ. ಕೂದಲೆಳೆಗಿಂತ ತುಸು ದಪ್ಪಗೆ ಸೀಳಿದ ತೊಗಲನ್ನು ಹೆಣೆದು ಪಟ್ಟಿಯ ನಡುವೆ ಕೂಡಿಸಬೇಕು. ಕೊಳ್ಳುವವರು ಮೊದಲು ಕಣ್ಣು ಹಾಕುವುದೇ ಅದರ ಮೇಲೆ.

ಮರೆಪ್ಪನ ಕೈ ನಿಂತಿತು.

ಅವನ ಕಸುಬಿನಲ್ಲಿ ಕೊಯ್ಯುವುದು ಗಂಡಸರದು, ಹೆಣೆಯುವುದು ಹೆಂಗಸರದು. ಹೆಣೆಯುವ ಗಂಡಸನ್ನು ಕೇರಿಯಲ್ಲಿ ಸೀರೆ ಉಟ್ಟವನೆಂದು ಆಡಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಅವನ ಪ್ರತಿ ಚಪ್ಪಲಿಯ ಜಡೆಯನ್ನೂ ಶರಣವ್ವ ಖೋಲಿಯಲ್ಲಿ, ಸ್ಟೋವಿನ ಪಕ್ಕ ಕೂತು ಹೆಣೆದಿದ್ದಳು. ಇದನ್ನು ಮೋಸ ಎಂದು ಅವನು ಯಾವತ್ತೂ ಎಣಿಸಿರಲಿಲ್ಲ. ಹೆಂಡತಿಯ ಕೈ ತನ್ನ ಕೈಯೇ ಎಂದುಕೊಂಡಿದ್ದ. ಹಾಗೆ ಎಂದುಕೊಂಡಿದ್ದೇನೆ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ.

ಆದರೂ ಹೆಣೆಯಲು ಶುರುಮಾಡಿದ. ರಂಪಿಗೆ ಹಿಡಿದು ದಡ್ಡುಗಟ್ಟಿದ ಬೆರಳಿಗೆ ಎಳೆಗಳು ಸಿಗಲಿಲ್ಲ. ಒಂದು ಎಳೆ ಹರಿಯಿತು, ಇನ್ನೊಂದು ಗಂಟಾಯಿತು. ಪಕ್ಕದಲ್ಲಿ ಕೌದಿ ಮಾರುತ್ತಿದ್ದ ಇಂದ್ರಾಬಾಯಿ ತಡೆಯಲಾರದೆ ನಕ್ಕಳು.

"ಏನ ಮಾಡಾಕತ್ತೀಯೋ ಯಣ್ಣಾ? ಎಮ್ಮಿ ಬಾಲ ಆತಲ್ಲೋ ಅದು!"

ಸಾಲೆಲ್ಲ ನಕ್ಕಿತು. ಬುತ್ತಿ ತಂದಿದ್ದ ಶರಣವ್ವ ಗುಂಪಿನ ಹಿಂದೆ ನಿಂತಿದ್ದಳು. ನಗಲಿಲ್ಲ.

"ತೋ ಯೇ ಕೌನ್ ಬನಾತಾ ಹೈ?" ಸಾಹೇಬ ಕೇಳಿದ.

ಮರೆಪ್ಪ ಗಂಟಾದ ಎಳೆ ಬಿಚ್ಚತೊಡಗಿದ. ಉತ್ತರ ಕೊಟ್ಟವನು ಚಂದ್ರಾಮ.

"ಅವನ ಹೇಂತಿ. ನಂದೂ ನನ್ನ ಹೇಂತಿನ ಮಾಡತಿದ್ಲು. ಶ್ರಾವಣದಾಗ ಜ್ವರ ಬಂದು ಸತ್ಲು." ಅವನು ಮರೆಪ್ಪನ ಕಡೆ ತಿರುಗಿದ. "ಮಣ್ಣಿಗೆ ನೀನ ಬಂದಿದ್ದೆಲ್ಲ ಕಾಕಾ, ಹೆಗಲೂ ಕೊಟ್ಟಿ. ತಯಾರ ಮಾಲ ತಂದಿದ್ದು ಅದಕ್ಕ. ಕೊಯ್ಯೂ ಕೈ ನನಗೂ ಐತಿ. ಜಡಿ ಹೆಣಿಯೂ ಕೈಯನ್ನ ಎಲ್ಲಿಂದ ತರಲಿ?"

ಸಾಹೇಬ ಛತ್ರಿ ಮಡಚಿದ. ಸಾಲನ್ನು ಈಗಲೇ ಎಬ್ಬಿಸುವುದಿಲ್ಲ, ಮುಂದಿನ ವಾರ ಬರುತ್ತೇನೆ, ಆಗ ಪೂರ್ತಿ ಚಪ್ಪಲಿ ಒಬ್ಬೊಬ್ಬರೇ ಮಾಡಿ ತೋರಿಸದಿದ್ದರೆ ಇಬ್ಬರ ಪರವಾನಗಿಯೂ ರದ್ದು ಎಂದ.

"ಜಡೀ ಕೆಲಸ ನಂದು. ನನ್ನ ಹೆಸರೂ ಬರಕೋರಿ" ಎಂದಳು ಶರಣವ್ವ, ಮುಂದೆ ಬಂದು.

"ಏಕ್ ಲೈಸೆನ್ಸ್, ಏಕ್ ನಾಮ್, ಬಾಯಿ" ಎಂದು ಸಾಹೇಬ ಹೊರಟುಹೋದ.

ಬುತ್ತಿ ಬಿಚ್ಚುವ ಮೊದಲೇ ಮರೆಪ್ಪ ದನಿ ತಗ್ಗಿಸಿ ಹೇಳಿದ: "ಸಂಜಿಕ ಖೋಲ್ಯಾಗ ಕಲಸು. ಬಾಗಲಾ ಹಾಕ್ಕೊಂಡು."

"ಖೋಲ್ಯಾಗ ಕಲಸೂದಿಲ್ಲ."

"ಯಾಕ?"

"ಇಷ್ಟು ವರ್ಷ ಖೋಲ್ಯಾಗ ಹೆಣದೆ. ಯಾರರ ನೋಡ್ಯಾರೇನು? ಕಲಿಯೂದಿದ್ರ ಇಲ್ಲೇ ಕುಂದ್ರು. ಆ ಚಂದ್ರಾಮನೂ ಬರಲಿ."

"ಮಂದಿ ನಗತಾರಲೇ."

"ನಗಲಿ. ನಗೂದರಿಂದ ಯಾರ ಪರವಾನಗೀನೂ ರದ್ದಾಗೂದಿಲ್ಲ."

ಆ ವಾರ ಹಗಲು ಬೆಳಕಿನಲ್ಲಿ, ಹೋಗಿಬರುವ ಜನದ ಕಾಲುಗಳ ಮುಂದೆ, ಮೀಸೆ ಹೊತ್ತ ಇಬ್ಬರು ಗಂಡಸರು ಜಡೆ ಹೆಣೆದರು. ನಡುವೆ ಶರಣವ್ವ. ಹೆಣೆದದ್ದನ್ನು ಈಸಿಕೊಂಡು, ಹೆಬ್ಬೆರಳು ಎಳೆದು ನೋಡಿ, ಬಿಚ್ಚಿ ತೊಡೆಯ ಮೇಲೆ ಎಸೆಯುವಳು. ಮರೆಪ್ಪ ಬೇರೆಯವರಿಗೆ ಏನು ಮಾಡುತ್ತಿದ್ದನೋ ಅದನ್ನೇ ಅವನಿಗೆ ಮಾಡಿದಳು. ಕೇರಿಯ ಗಂಡಸರು ಬೇಕೆಂದೇ ಆ ದಾರಿ ಹಿಡಿದು, "ಏನ ಮರೆವ್ವಾ, ಮುಂದಿನ ವಾರ ಮೂಗುತಿ ಹಾಕ್ಕೊಂತಿಯೇನು?" ಎಂದು ಕೇಳಿ ಹೋದರು. ಅವನು ರಂಪಿಗೆ ಎತ್ತಿ ತೋರಿಸಿ, ಮತ್ತೆ ಎಳೆ ಹಿಡಿಯುತ್ತಿದ್ದ. ಚಂದ್ರಾಮನ ಬೆರಳು ಬೇಗ ಪಳಗಿತು. ಅವನು ಹೆಂಡತಿಯ ಪಕ್ಕ ಕೂತು ನೋಡಿದ್ದನಂತೆ. ಮರೆಪ್ಪ ಎಂದೂ ನೋಡಿರಲಿಲ್ಲ.

ಸಾಹೇಬ ಬಂದ. ಚಂದ್ರಾಮನ ಚಪ್ಪಲಿ ನೋಡಿ ತಲೆಯಾಡಿಸಿದ. ಮರೆಪ್ಪನದನ್ನು ಎತ್ತಿ ಹಿಡಿದ. ಜಡೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಬಳುಕಿ, ಹಳೆಯ ಗಾಯಕ್ಕೆ ಹಾಕಿದ ಹೊಲಿಗೆಯಂತಿತ್ತು.

"ಹಾಥ್ ಕಾ ತೋ ಹೈ", ಕೈಯದಂತೂ ಹೌದು, ಎಂದ ಸಾಹೇಬ, ಮೊದಲ ಸಲ ನಗುತ್ತ. "ಮಶೀನ್ ಐಸಾ ಬನಾಯೇಗಾ ತೋ ಕಾರ್‌ಖಾನಾ ಬಂದ್ ಹೋ ಜಾಯೇಗಾ."

ಇಬ್ಬರ ಪರವಾನಗಿಯೂ ಉಳಿಯಿತು. ಮರೆಪ್ಪ ಗೆದ್ದವನಂತೆ ಆ ಜೋಡನ್ನು ಮಾರಾಟದ ಸಾಲಿನಲ್ಲಿ ಇಟ್ಟ. ಶರಣವ್ವ ಎತ್ತಿ ಅವನ ಕಾಲ ಬಳಿ ಒಗೆದಳು.

"ಇದನ್ನ ಮಾರಿದ್ರ ನಾನು ಗಟಾರಕ್ಕ ಒಗಿತೀನಿ. ನೀನ ಮೆಟ್ಟಿಕೋ."

ಮೆಟ್ಟಿಕೊಂಡ. ಅಟ್ಟೆ ಸವೆದಾಗ ಬೇರೆ ಅಟ್ಟೆ ಹಾಕಿದನೇ ಹೊರತು ಜಡೆ ಬದಲಿಸಲಿಲ್ಲ. ನಾನು ಕಂಡಾಗಲೆಲ್ಲ ಅವನ ಕಾಲಲ್ಲಿ ಅದೇ ಎಮ್ಮೆ ಬಾಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ಮಾತಿಗೆ ಮಾತು ಬೆಳೆದಾಗ ಅವನ ಕಾಲಿನ ಕಡೆ ಬೆರಳು ತೋರಿಸುತ್ತಿದ್ದರು. ಅವನು ಅದಕ್ಕೆ ಕೋಪಿಸಿಕೊಳ್ಳುತ್ತಿರಲಿಲ್ಲ.

ಪರೀಕ್ಷೆ ನಿಲ್ಲಲಿಲ್ಲ, ಬಿರುಸೂ ಇಳಿಯಲಿಲ್ಲ. ಮುಂದಿನ ವರ್ಷ ಊರ ಕಡೆಯ ಹೊಸಬನೊಬ್ಬ ಜಾಗ ಕೇಳಿ ಬಂದ. ಹೆಸರು ಶಂಕ್ರೆಪ್ಪ. ಕೈಯಲ್ಲಿ ಒಳ್ಳೆಯ ಮಾಲಿತ್ತು. ಮರೆಪ್ಪ ಬಗ್ಗಿಸಿದ, ಮೂಸಿದ, ಹೆಬ್ಬೆರಳು ಎಳೆದ.

"ಜಡಿ ಯಾರ ಹೆಣದಾರ?"

"ನಾನರೀ. ಎಲ್ಲಾ ನನ್ನ ಕೈಲೇ."

"ಬೆರಳ ತೋರಸು."

ಶಂಕ್ರೆಪ್ಪ ತೋರಿಸಿದ. ದಡ್ಡುಗಟ್ಟಿದ, ರಂಪಿಗೆ ಹಿಡಿಯುವ ಬೆರಳು.

"ಸುಳ್ಳ ಹೇಳಬ್ಯಾಡ. ಹೋಗಿ ಮನ್ಯಾಗಿನ ಹೆಣ್ಮಗಳನ್ನ ಕರಕೊಂಡ ಬಾ. ಇಬ್ಬರೂ ಇಲ್ಲೇ ಕೂತು ಮಾಡ್ರಿ. ಆಮ್ಯಾಲ ಜಾಗದ ಮಾತು."

"ಆಕಿ ಫುಟ್‌ಪಾತಿಗೆ ಬಂದು ಕುಂದ್ರೂದೇನ್ರೀ?"

ಮರೆಪ್ಪ ಪಕ್ಕಕ್ಕೆ ಕೈ ತೋರಿಸಿದ. ಅಲ್ಲಿ, ಅವನದೇ ಗೋಣಿಚೀಲದ ಅರ್ಧ ಜಾಗದಲ್ಲಿ, ಶರಣವ್ವ ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜಡೆ ಹೆಣೆಯುತ್ತಿದ್ದಳು. ಕಾಲು ಮಡಚಿ, ಇನ್ನೊಬ್ಬಳಿಗೆ ಕೂರಲು ಜಾಗ ಬಿಟ್ಟಳು.