ಬಾಸ್ ಗಿಟಾರಿಗೆ ಝೇಂಕಾರ ಕೊಟ್ಟ ಜಿನಮತಿ ಅಕ್ಕ

ತಂಬೂರಿ ಮಾಡುವವರಿಗೂ ನುಡಿಸುವವರಿಗೂ ಹೆಸರಾದ ಮಿರಜಿನಲ್ಲಿ, ಆ ನಾದವನ್ನು ಹಿಡಿದಿಡುವವರ ಹೆಸರು ಬಹುಕಾಲ ಯಾರ ಬಾಯಲ್ಲೂ ಇರಲಿಲ್ಲ. ಆ ಕೊರತೆಯನ್ನು ನೀಗಿದವರು ಶ್ರೀಮತಿ ಜಿನಮತಿ ಮಗದುಮ್ ಅವರು. ಸಾಂಗಲಿ-ಮಿರಜ ಸೀಮೆಯ ಹಾಡುಗಾರರು, ಕನ್ನಡದವರಿರಲಿ ಮರಾಠಿಯವರಿರಲಿ, "ಯಂತ್ರದ ಮುಂದ ಅಕ್ಕಾರ ಕುಂಡ್ರತಾರೇನ್ರಿ?" ಎಂದು ವಿಚಾರಿಸಿದ ಮೇಲೆಯೇ ಧ್ವನಿಮುದ್ರಣಕ್ಕೆ ದಿನ ಗೊತ್ತುಮಾಡುತ್ತಿದ್ದರು. ಅಂಥವರು ಸ್ವರಸಂಗಮ ಧ್ವನಿಮುದ್ರಣಾಲಯದ ಸೇವೆಯಿಂದ ಈಗ ನಿವೃತ್ತರಾಗುತ್ತಿದ್ದಾರೆ. ಸಂಸ್ಥೆಗೆ ಇದು ನಷ್ಟವೇ, ಆದರೆ ಇಂದು ಅಳುವ ದಿನವಲ್ಲ, ಎದೆಯುಬ್ಬಿಸಿ ಹೇಳಿಕೊಳ್ಳುವ ದಿನ.

ಮಿರಜದ ಬಳಿಯ ಆರಗ ಎಂಬ ಊರಿನ ಕನ್ನಡ ಮನೆಯಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಕ್ಯಾಸೆಟ್ಟಿನ ಕಾಲದಲ್ಲಿ ಕೆಲಸಕ್ಕೆ ಸೇರಿದ ಅಕ್ಕನಿಗೆ ಮೊದಲ ದಿನದಿಂದಲೂ ಒಂದೇ ವ್ರತ: ದನಿ ಎಷ್ಟೇ ಏರಲಿ, ಯಂತ್ರದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಬಾರದು, ಮುಟ್ಟಿದರೆ ನಾದ ಒಡೆಯುತ್ತದೆ. ಅವರ ಮುದ್ರಣ ಆರಿಸಿದ ಅಕ್ಕಿಯಂತೆ, ಒಂದು ಕಲ್ಲೂ ಸಿಗದು. ಮ್ಹೈಸಾಳದ ವೃದ್ಧ ಭಜನಕಾರ ಪರಸಪ್ಪನವರು ಹಾಡಿನ ನಡುವೆ ಕೆಮ್ಮಿದ್ದನ್ನೆಲ್ಲ ಅಕ್ಕ ಸದ್ದಿಲ್ಲದೆ ಕತ್ತರಿಸಿ ತೆಗೆದರು. ಆ ಯಜಮಾನರು ಕೊನೆಯವರೆಗೂ "ನನ್ನ ದನಿ ಇನ್ನಾ ಗಟ್ಟಿ ಐತಿ" ಎಂದು ಊರ ತುಂಬ ಮೀಸೆ ತಿರುವುತ್ತ ಓಡಾಡಿದರು. ಅಕ್ಕ ಒಮ್ಮೆಯೂ ಗುಟ್ಟು ಬಿಟ್ಟುಕೊಡಲಿಲ್ಲ.

ಇಂಥ ವ್ರತವನ್ನು ಅಕ್ಕ ತಾವಾಗಿಯೇ ಮುರಿದ ದಿನವೇ ಅವರ ಸೇವೆಯ ಶಿಖರವೆಂದು ನಮ್ಮ ನಂಬಿಕೆ. ಕೆಲವು ವರ್ಷಗಳ ಹಿಂದೆ ಮಾಧವನಗರದ ಒಂದು ವಾದ್ಯವೃಂದ ತಮ್ಮ ಸಮತೆಯ ಹಾಡುಗಳನ್ನು ಮುದ್ರಿಸಲು ಬಂದಿತ್ತು. ಅದರಲ್ಲಿ ದಪ್ಪ ದನಿಯ ಬಾಸ್ ಗಿಟಾರ್ ನುಡಿಸುತ್ತಿದ್ದವನು ಸಂಘರ್ಷ. ಹಗಲು ಮಗ್ಗದ ಕೆಲಸ, ಸಂಜೆ ಗಿಟಾರು. ಮುದ್ರಣವಾದ ಹಾಡನ್ನು ಮೊಬೈಲಿನಲ್ಲಿ ಕೇಳಿದರೆ ಹಾಡು ಕೇಳಿಸಿತು, ಢೋಲಕಿ ಕೇಳಿಸಿತು, ಬಾಸ್ ಮಾತ್ರ ಇದ್ದೂ ಇಲ್ಲವಾಗಿತ್ತು. ಆ ದಪ್ಪ ನಾದ ಮೊಬೈಲಿನ ಪುಟ್ಟ ಸ್ಪೀಕರಿನಿಂದ ಹೊರಬರುವುದೇ ಇಲ್ಲ.

"ಯಾರಿಗೂ ಕೇಳಿಸಲಾರದ್ದು ಯಾಕ ಬೇಕು? ಇವನ್ನ ತಗದು ಕೀಬೋರ್ಡಿನ್ಯಾಗ ಹಾಕಿ ಮುಗಸ್ರಿ," ಎಂದರು ಸಂಸ್ಥೆಯ ವ್ಯವಸ್ಥಾಪಕರಾದ ಧನ್ಯಕುಮಾರ ಅವರು. ತಾನೇ ಕಟ್ಟಿದ ವೃಂದದ ಮೊದಲ ಮುದ್ರಣದಿಂದ ಸಂಘರ್ಷ ಹೊರಬೀಳುವುದರಲ್ಲಿದ್ದ. ಆಗ ಅವನು ಮಾಡಿದ್ದು ಮಿರಜ ಸೀಮೆಯವನು ಮಾತ್ರ ಮಾಡಬಲ್ಲ ಕೆಲಸ. ತಂಬೂರಿಗೆ ಝೇಂಕಾರ ಬರಲೆಂದು ತಂತಿಯ ಕೆಳಗೆ ಹತ್ತಿಯ ನೂಲೆಳೆಯನ್ನು, ಅಂದರೆ ಜೀವಾಳವನ್ನು, ಇಡುವುದಿಲ್ಲವೇ? ಅದೇ ನೂಲನ್ನು ಬಾಸ್ ಗಿಟಾರಿನ ತಂತಿಗಳಿಗೂ ಸಿಕ್ಕಿಸಿದ. ಇದ್ದ ದನಿಯೂ ಅಡಗಿ ಥಪ್ ಥಪ್ ಎಂದಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ. ಇವನಿಗೆ ಬೇಕಾದದ್ದು ಹೆಚ್ಚಿನ ಸದ್ದಲ್ಲ, ತಂಬೂರಿಯ ಝೇಂಕಾರ ಎಂಬುದು ಅವರಿಗೆ ಹೊಳೆದಿತ್ತು. "ನೂಲು ತಗಿಯಪ್ಪಾ. ನೀ ಹುಡಕೂದು ಖರೇನ ಐತಿ, ಹುಡಕೂ ಜಾಗಾ ತಪ್ಪೇತಿ," ಎಂದು ಅವನಿಂದ ಇನ್ನೊಮ್ಮೆ ನುಡಿಸಿ ಮುದ್ರಿಸಿಕೊಂಡರು. ಅದರ ಒಂದು ನಕಲನ್ನು ಹಳೆಯ ಪ್ರೀಆ್ಯಂಪಿನೊಳಗೆ ಹಾಯಿಸಿದರು. ಸಣ್ಣ ದನಿಯನ್ನು ಮುದ್ರಣಕ್ಕೆ ತಕ್ಕಷ್ಟು ಎತ್ತಿ ಕೊಡುವ ಪೆಟ್ಟಿಗೆಯದು. ಅದರ ಗುಂಡಿಯನ್ನು ಅಕ್ಕ ತಿರುಗಿಸುತ್ತಲೇ ಹೋದರು. ಕೆಂಪು ದೀಪ ಹತ್ತಿತು, ಹತ್ತಿಯೇ ಉಳಿಯಿತು.

"ಅಕ್ಕಾರ, ಕೆಂಪು ಹತ್ತೇತ್ರಿ! ಇಷ್ಟು ವರ್ಷ ಗಳಿಸಿದ ಹೆಸರು ಕೆಡಿಸ್ಕೋತೀರೇನು?" ಎಂದು ಧನ್ಯಕುಮಾರರು ಕೂಗಿದರು.

"ಹೆಸರು ನಂದ್ರಿ, ಕೆಟ್ರ ನಂದ ಕೆಡ್ತೈತಿ. ಅದಕ್ಕಂತ ಹುಡುಗನ್ನ ಹಾಡಿನಿಂದ ತಗೀಲೇನು?"

ಹೊರಲಾರದ ಭಾರ ಹೊತ್ತ ಪೆಟ್ಟಿಗೆ ನಾದದ ಅಂಚನ್ನು ಹರಿದು, ಗರಗರನೆ ಒಂದು ಝೇಂಕಾರವನ್ನು ಹೊರಡಿಸಿತು. ಅದರೊಳಗಿನ ಕೆಳದನಿಯನ್ನು ಅಕ್ಕ ಸೋಸಿ ತೆಗೆದು, ಉಳಿದದ್ದನ್ನು ಒಗ್ಗರಣೆಗೆ ಇಂಗು ಹಾಕಿದಷ್ಟೇ ಹದವಾಗಿ ಮೂಲದ ಶುದ್ಧ ನಾದದೊಂದಿಗೆ ಬೆರೆಸಿದರು. ದಪ್ಪ ನಾದ ದಪ್ಪವಾಗಿಯೇ ಉಳಿಯಿತು, ಮೇಲಿನ ಝೇಂಕಾರ ಪುಟ್ಟ ಸ್ಪೀಕರಿನಲ್ಲೂ ಅದರ ಜಾಡನ್ನು ತೋರಿಸಿಕೊಟ್ಟಿತು.

ಆ ಹೊತ್ತಿಗೆ ಮಗನಿಗೆ ಬುತ್ತಿ ತಂದು ಹೊರಗೆ ಕುಳಿತಿದ್ದವರು ಸಂಘರ್ಷನ ತಾಯಿ ಸೋನಾಬಾಯಿ. ಕೂಲಿ ಅರಸಿ ವಿಜಾಪುರದ ಕಡೆಯಿಂದ ಬಂದು ಮಾಧವನಗರದಲ್ಲಿ ನೆಲೆ ನಿಂತವರು. ಕಾರ್ಯಕ್ರಮಗಳಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟ ವೃಂದದ ಹಾಡುಗಳನ್ನು ಎಷ್ಟೋ ಸಲ ಕೇಳಿದ್ದರೂ ಅದರಲ್ಲಿ ಮಗನದು ಯಾವುದೆಂದು ಆ ತಾಯಿಗೆ ಎಂದೂ ತಿಳಿದಿರಲಿಲ್ಲ. ಅಕ್ಕ ಸುಳಿವು ಕೊಡದೆ ಹಾಡು ಹಚ್ಚಿ, ಮೊಬೈಲನ್ನು ಅವರ ಕೈಗಿತ್ತು, ತೀರ್ಪಿಗೆ ಕಾದವರಂತೆ ನಿಂತರು. ಸೋನಾಬಾಯಿ ಅದನ್ನು ಕಿವಿಗೊತ್ತಿಕೊಂಡರು.

"ಅಯ್ಯ, ಇದು ನಮ್ಮ ಸಂಘರ್ಷಂದು! ಉಣ್ಣಾಕ ಕುಂತ್ರ ತಾಟಿನ ಮ್ಯಾಲೆ ಹಿಂಗ ಬಡೀತಾನ್ರಿ!"

ಸಂಘರ್ಷ ಬಾಗಿಲಲ್ಲೇ ನಿಂತು ಮುಖ ಮುಚ್ಚಿಕೊಂಡ. ಧನ್ಯಕುಮಾರರು ಕೀಬೋರ್ಡನ್ನು ತಾವೇ ಎತ್ತಿ ಬದಿಗಿಟ್ಟರು. ಎಂದೂ ಕಣ್ಣೀರು ಹಾಕದ ಅಕ್ಕ ಅಂದು ಅತ್ತರು.

ಇಂದು ಸಾಂಗಲಿಯ ಶೇರ್ ಆಟೋಗಳಲ್ಲೂ ಆ ಬಾಸ್ ಕೇಳಿಸುತ್ತದೆ. ಕೇಳಿದವರೆಲ್ಲ ತಮಗೂ ಹಾಗೆಯೇ ಬೇಕೆಂದು ಬಂದು ಅಕ್ಕನಿಂದ ಬೈಸಿಕೊಂಡು ಹೋಗಿದ್ದಾರೆ. ಪೂಜ್ಯ ಅಕ್ಕನಿಗೆ ಆಯುಸ್ಸು ದೊರೆಯಲಿ, ಆರೋಗ್ಯ ದೊರೆಯಲಿ ಎಂದು ಹಾರೈಸುತ್ತೇವೆ. ವಿಶ್ರಾಂತಿಯನ್ನು ಮಾತ್ರ ಹಾರೈಸಲಾರೆವು. ಹಾಡಿನಲ್ಲಿ ಮಕ್ಕಳ ಕೈಯನ್ನು ಹುಡುಕುತ್ತಿರುವ ತಾಯಂದಿರು ಈ ಸೀಮೆಯಲ್ಲಿ ಇನ್ನೂ ಬಹಳ ಜನ ಇದ್ದಾರೆ.