ತೊಳೆಯಬಾರದ ಮಿದುಳು

ಹುಣಸೂರಿನ ಕುರಿ ಕಡಿಯುವ ಕೊಟ್ಟಿಗೆಯಿಂದ ಡಾಕ್ಟರ್ ಚನ್ನಬಸವಣ್ಣನವರ ಔಷಧಾಲಯಕ್ಕೆ ಮೂರು ಫರ್ಲಾಂಗು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟಸಿದ್ದಮ್ಮ ಪಿಂಗಾಣಿ ಬಟ್ಟಲನ್ನು ಎದೆಗವುಚಿಕೊಂಡು ಓಡುತ್ತಿದ್ದಾಳೆ. ಬಟ್ಟಲಲ್ಲಿ ಈಗತಾನೇ ತೆಗೆದ ಕುರಿಯ ಮಿದುಳು. ಹಿಂದೆ ಏದುಸಿರು ಬಿಡುತ್ತ ನಾನು. "ಬಿರ್ನೆ ಬನ್ನಿ ಸ್ವಾಮಿ, ಕಾಳು ಕೆಟ್ಟೋಯ್ತವೆ!" ಎಂದು ಗದರುತ್ತಾಳೆ. ಪತ್ರಿಕೆಯವನೆಂದು ಮರ್ಯಾದೆ ಕೊಡುವಷ್ಟು ಪುರುಸೊತ್ತು ಈಕೆಗಿಲ್ಲ.

ಕಾಳು ಎಂದರೆ ಮೈಟೋಕಾಂಡ್ರಿಯ, ಜೀವಕೋಶದೊಳಗೆ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಕಣ. ಪಂಡಿತರೆಲ್ಲ ನರಕೋಶಗಳ ಹಿಂದೆ ಬಿದ್ದಿದ್ದರೆ, ನಮ್ಮ ಡಾಕ್ಟರಿಗೆ ಅವಕ್ಕೆ ಆಸರೆಯಾಗಿ ನಿಂತ ಕೋಶಗಳ ಹುಚ್ಚು. "ಊಳಿಗದವರು" ಎಂದೇ ಅವಕ್ಕೆ ಹೆಸರಿಟ್ಟಿದ್ದಾರೆ. ಊಳಿಗದವರ ತೋಳುಗಳಲ್ಲಿ ಕಾಳು ಎಲ್ಲಿ ಗುಂಪುಗೂಡುತ್ತದೆ, ರಕ್ತನಾಳದ ಹತ್ತಿರವೋ ನರಕೋಶದ ಹತ್ತಿರವೋ? ಅದೇ ಅವರ ಪ್ರಶ್ನೆ. ಮಿದುಳು ಹತ್ತು ನಿಮಿಷದೊಳಗೆ ಕಾಳು ಕೆಡದಂತೆ ಹಿಡಿದಿಡುವ ಔಷಧಿಯ ದ್ರಾವಣಕ್ಕೆ ಬೀಳಬೇಕು. ವಾರಕ್ಕೆ ಆರು ದಿನ ಈ ಓಟ.

ಮೊದಲು ಓಡುತ್ತಿದ್ದವನು ಈಕೆಯ ಗಂಡ ಮಾದೇವ. ೧೯೩೭ರ ಮಾಗಿಯಲ್ಲಿ ಅವನು ಚಳಿಜ್ವರ ಬಂದು ಮಲಗಿದ, ಬಟ್ಟಲು ಈಕೆಯ ಕೈಗೆ ಬಂತು. ಒಂದೂವರೆ ತಿಂಗಳಲ್ಲಿ ಡಾಕ್ಟರು ಕುಣಿದಾಡಿಬಿಟ್ಟರು. ಶಾವಿಗೆ ಚೂರಿನಂತಿದ್ದ ಕಾಳುಗಳು ಈಗ ಗುಂಡಗೆ ಉಬ್ಬಿ ಕಾಣುತ್ತಿದ್ದವು! ಚಳಿಗಾಲದಲ್ಲಿ ಅವು ರೂಪ ಬದಲಿಸುತ್ತವೆಂದು ಲಂಡನ್ನಿನ ಪತ್ರಿಕೆಗೆ ಇಪ್ಪತ್ತು ಪುಟ ಬರೆದರು. "ಡಾಕ್ಟ್ರು ನಗ್ತಾವ್ರಲ್ಲಾ ಅಂತ ನಾನೂ ನಗ್ತಿದ್ದೆ," ಎನ್ನುತ್ತಾಳೆ.

ಚೇತರಿಸಿಕೊಂಡ ಮಾದೇವ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಬಂದ. ಹೆಂಡತಿ ಮಿದುಳನ್ನು ತಣ್ಣೀರಲ್ಲಿ ಜಾಲಿಸುತ್ತಿದ್ದಳು.

"ಅಯ್ಯೋ, ತೊಳೆದ್ಯೇನಮ್ಮೀ? ನೀರು ತಾಕಿದ್ರೆ ಕಾಳು ಊದ್ಕತವೆ ಅಂತ ಡಾಕ್ಟ್ರು ನಂಗೆ ಮೊದಲ್ನೇ ದಿನಾನೇ ಅಂದಿದ್ರು ಕಣೇ!"

ಅವನಿಗೆ ಹೇಳಿದ್ದನ್ನು ಈಕೆಗೂ ಹೇಳಬೇಕೆಂದು ಡಾಕ್ಟರಿಗೆ ಹೊಳೆಯಲಿಲ್ಲವೇ? ನನಗಂತೂ ಸಿಟ್ಟು ಬರುತ್ತದೆ. ಈಕೆಗೆ ಬರುವುದಿಲ್ಲ. "ಬಾಡು ತೊಳೀದೆ ಇನ್ನೊಬ್ರ ಬಾಗ್ಲಿಗೆ ಕೊಡಬಾರ್ದು ಅಂತ ನಮ್ಮತ್ತೆ ಕಲಿಸಿದ್ಲು. ಅದರಲ್ಲೂ ಬಾಡು ತಿನ್ದಿರೋ ಮಡಿವಂತ್ರು ಅವ್ರು. ರಕ್ತ ಸುರಿಯೋದ ಎಂಗೆ ಕೊಡಾದು?"

ಲೇಖನ ಮರುದಿನದ ಟಪಾಲಿಗೆ ಹೋಗುವುದಿತ್ತು. ಹೇಳಿದರೆ ತನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಪರದೇಶದವರ ಮುಂದೆ ಡಾಕ್ಟರ ಮಾನ ಹೋಗುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಏನೂ ಕದಿಯದ ಈಕೆಗೆ ಅಂದು ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. "ಒಲೆ ಮೇಲಿನ ಇಟ್ಟು ಸೀದೋಯ್ತು. ಸುಮ್ಕಿರು ಬುಡು ಅಂದ್ರು ನಮ್ಮೋರು. ಎಂಗಿರ್ಲಿ?" ಬೆಳಿಗ್ಗೆ ಅಂಚೆಯವನು ಬರುವ ಮೊದಲೇ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು.

ಚನ್ನಬಸವಣ್ಣನವರು ಲೇಖನವನ್ನು ಟಪಾಲಿಗೆ ಕೊಡದೆ ಪೆಟ್ಟಿಗೆಗೆ ಹಾಕಿ, ಈಕೆಯನ್ನು ಮನೆಗೆ ಕಳಿಸಿಬಿಟ್ಟರಂತೆ. ಎರಡು ದಿನ ಈಕೆ ಮನೆಯಲ್ಲಿ ಕೂತು ಚಡಪಡಿಸಿದಳು. ಮೂರನೆಯ ದಿನ ಹೇಳಿಕಳಿಸಿದರು: ಮೊದಲಿನಿಂದ ಶುರು ಮಾಡೋಣ, ತೊಳೆಯದೆ ತಾ. "ಈಕೆ ಸುಮ್ಮನಿದ್ದಿದ್ದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಬೇಕಿತ್ತು ಹೇಳಿ," ಎಂದು ಈಗ ನನ್ನೆದುರೇ ಒಪ್ಪಿಕೊಳ್ಳುತ್ತಾರೆ. ಅವರ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.

ಹೊರಡುವ ಮುಂಚೆ ಪುಟ್ಟಸಿದ್ದಮ್ಮನನ್ನು ಕೇಳುತ್ತೇನೆ: ತೊಳೆದ ವಿಷಯ ಬಿಟ್ಟು ಬರೆಯಲೇ? ಓದಿದವರು ನಕ್ಕಾರು.

"ಯಾಕೆ ಬುಡ್ತೀರಾ?" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. "ತೊಳ್ದೋಳೂ ನಾನೇ, ಏಳ್ದೋಳೂ ನಾನೇ. ಎಲ್ಡೂವೆ ಬರ್ಕಳಿ."