ಮೈಸೂರಿನ ಮನೆಯಲ್ಲಿ ರೊಟ್ಟಿ ಬಡಿದ ಸದ್ದು

ಕಥೆ ಬರೆಯುವವಳೆಂದು ನನ್ನನ್ನು ಮೊದಲು ಪತ್ತೆ ಹಚ್ಚಿದವರು ನಮ್ಮ ಮಾವ. ಅವರನ್ನು ನೆನೆಯದೆ ಇಂದಿಗೂ ನಾನು ಪೆನ್ನು ಹಿಡಿಯುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ದಾಂಡೇಲಿಗೆ ಸೊಸೆಯಾಗಿ ಬಂದ ಹೊಸತು. ಮನೆಯವರು ಪೇಪರ್ ಮಿಲ್ಲಿನಲ್ಲಿದ್ದರು. ಕಣ್ಣಿನ ಆಪರೇಷನ್ ಆದ ಮಾವ, ಅತ್ತೆಯೊಡನೆ ಹಳಿಯಾಳದ ಕಡೆಯ ಹಳ್ಳಿಯಿಂದ ನಮ್ಮ ಕ್ವಾರ್ಟರ್ಸಿಗೆ ಬಂದರು. ಅವರಿಗೆ ಪತ್ತೇದಾರಿ ಕಥೆಗಳ ಹುಚ್ಚು, ಕಣ್ಣಿಗೋ ಪಟ್ಟಿ. ಅತ್ತೆಗೆ ಓದು ಬಾರದು.

ನಮ್ಮಲ್ಲಿ ಸೊಸೆ ಮಾವನೊಡನೆ ಮಾತಾಡುವಂತಿರಲಿಲ್ಲ. ಓದಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲವಲ್ಲ! ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕುಳಿತು ಮಾಸಪತ್ರಿಕೆಯ ಪುಟ್ಟ ಕೊಲೆಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೊನೆ ಮುಟ್ಟುವ ಮೊದಲೇ ಮಾವ ಅತ್ತೆಗೆ, “ಕೊಂದಾಂವ ಡ್ರೈವರ ಅಂತ ಆಕಿಗೆ ಹೇಳು” ಎನ್ನುವರು. ಅತ್ತೆ ನನಗೆ, “ಡ್ರೈವರ ಅಂತಾರ ನೋಡವಾ.” ನಾನು ಅತ್ತೆಗೇ ಹೂಂ ಅನ್ನುತ್ತಿದ್ದೆ.

ಪತ್ರಿಕೆ ಬೇಗ ಮುಗಿಯಿತು, ಮಾವನ ಹಸಿವು ಮುಗಿಯಲಿಲ್ಲ. ನಾನೇ ಒಂದು ಹಾಳೆಯ ಕಥೆ ಬರೆದು ಪತ್ರಿಕೆಯದೆಂಬಂತೆ ಓದಿದೆ. ಮೈಸೂರಿನ ದೊಡ್ಡ ಮನೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡುವೆ ಒಮ್ಮೆ ನಿಲ್ಲುತ್ತದೆ. ಅಷ್ಟರಲ್ಲಿ ಯಜಮಾನನ ಹೆಣ ಬಿದ್ದಿರುತ್ತದೆ.

“ರೊಟ್ಟಿ ಬಡಿಯಾಕಿನ ಅಂತ ಹೇಳು,” ಎಂದು ಮಾವ ನಕ್ಕರು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ದಿನಾ ಒಂದು ಕೊಲೆ.

ಪಟ್ಟಿ ಬಿಚ್ಚುವ ದಿನ ಹತ್ತಿರ ಬಂದಂತೆ ಜೀವ ಪುಕಪುಕ ಅನ್ನತೊಡಗಿತು. ಕಣ್ಣು ಬಂದರೆ ಆ ಕಥೆಗಳನ್ನು ಪತ್ರಿಕೆಯಲ್ಲಿ ಹುಡುಕದೆ ಬಿಡುವವರಲ್ಲ. ಕೊಲೆ ಹೊಸೆದು ಮಾವನಿಗೇ ಟೋಪಿ ಹಾಕಿದ ಸೊಸೆಯನ್ನು ತವರಿಗೆ ಅಟ್ಟಿದರೆ?

ಅಂದುಕೊಂಡಂತೆಯೇ ಆಯಿತು. ಕನ್ನಡಕ ಏರಿಸಿ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲ ಹಿಂದೆ ನಾನು ಸುಮ್ಮನೆ ಸೆರಗು ಸರಿಪಡಿಸಿಕೊಂಡೆ.

“ಮೈಸೂರ ಕಡೆ ರಾಗಿ ಮುದ್ದಿ ತಿಂತಾರವಾ. ಅಲ್ಲಿ ರೊಟ್ಟಿ ಬಡಿಯಾಕಿ ಎಲ್ಲಿಂದ ಬಂದ್ಲು?”

ನನಗೆ ದಾಟಿಸಲು ಅತ್ತೆ ಬಾಯಿ ತೆರೆದರು. ಮಾವ ಕೈಯೆತ್ತಿ ಅವರನ್ನು ತಡೆದರು. ಆ ಮಾತು ನೇರ ನನಗೇ ಆಡಿದ್ದು.

“ಅವತ್ತ ಗೊತ್ತಾತು ನನಗ, ಕಥಿ ನಮ್ಮ ಒಲಿ ಮುಂದ ಹುಟ್ಟೇತಿ ಅಂತ.” ಪತ್ರಿಕೆ ಮಡಿಚಿದರು. “ಇದನ್ನ ಇನ್ನ ನಾನ ಓದ್ಕೋತೇನಿ. ನಿನ್ನವು ಮಾತ್ರ ನೀನ ಓದಬೇಕು. ಹೊರಗ ಬಾ, ಇಲ್ಲೇ ಕೂಡು.”

ಹೊಸ್ತಿಲು ದಾಟಿ ಬಂದು ಕುಳಿತೆ.